ಸೋಂಕು ಹರಡುವ ಲೆಕ್ಕ ಕಲಿಯಲು ಯಾವ ದಾರಿ: ಕೋರ್ಸ್, ಪುಸ್ತಕ, ಇಲ್ಲಾ ಒಂದು ಸ್ಪ್ರೆಡ್‌ಶೀಟ್?

ಸೋಂಕು ಹೇಗೆ ಹರಡುತ್ತದೆ ಎಂದು ಲೆಕ್ಕದಲ್ಲಿ ಕಟ್ಟಿ ನೋಡುವ ವಿದ್ಯೆಗೆ ಮಾಡೆಲಿಂಗ್ ಎನ್ನುತ್ತಾರೆ. ನಾನು ಅದಕ್ಕೆ ಕೈ ಹಾಕಿದ್ದು ಬುಡದಿಂದಲ್ಲ, ತುದಿಯಿಂದ. ಊರಿನ ಒಬ್ಬೊಬ್ಬರನ್ನೂ ಕಂಪ್ಯೂಟರಿನೊಳಗೆ ಓಡಾಡಿಸುವ ದೊಡ್ಡ ಪ್ರೋಗ್ರಾಮ್ ಒಂದನ್ನು ಇಳಿಸಿಕೊಂಡೆ. ಮನೆ, ಶಾಲೆ, ಬಸ್ಸು, ಆಫೀಸು ಎಲ್ಲಾ ಅದರಲ್ಲಿತ್ತು. ಮೂರು ವಾರ ಗುದ್ದಾಡಿ ಚೆಂದದ ಗ್ರಾಫ್ ತೆಗೆದೆ. ಗೆಳೆಯನೊಬ್ಬ ನೋಡಿ, "ಕೇಸುಗಳು ಇಷ್ಟು ಬೇಗ ಯಾಕೆ ಏರಿದವು?" ಎಂದ. ನನ್ನ ಬಾಯಿ ಕಟ್ಟಿತು. ಆಮೇಲೆ ಹುಡುಕಿದರೆ ಗೊತ್ತಾಯಿತು. ಸೋಂಕು ತಗುಲಿದವರು ಇನ್ನೊಬ್ಬರಿಗೆ ಹರಡಲು ಶುರು ಮಾಡುವ ಮುಂಚಿನ ಅವಧಿ 5 ದಿನ ಎಂದು ಕೊಡಬೇಕಿತ್ತು. ನಾನು 0.2 ಎಂದು ಕೊಟ್ಟಿದ್ದೆ, ಅಂದರೆ ಐದರಲ್ಲಿ ಒಂದು ಪಾಲು. ಅದು ದಿನಕ್ಕೆ ಇಷ್ಟು ಎನ್ನುವ ವೇಗ ಎಂದು ನಾನು ತಿಳಿದಿದ್ದೆ, ದಿನಗಳ ಲೆಕ್ಕ ಎಂದು ಪ್ರೋಗ್ರಾಮ್ ತಿಳಿದಿತ್ತು. ಅದು ಚಕಾರ ಎತ್ತಲಿಲ್ಲ. ಸುಮ್ನೆ ಗ್ರಾಫ್ ಬರೆದುಕೊಟ್ಟಿತು.

ಅಂದಿನಿಂದ ಯಾರಾದರೂ "ಈ ಮಾಡೆಲಿಂಗ್ ಕಲಿಯಲು ಯಾವ ಕೋರ್ಸ್ ಒಳ್ಳೇದು?" ಎಂದು ಕೇಳಿದರೆ ನಾನು ತಿರುಗಿ ಒಂದು ಪ್ರಶ್ನೆ ಹಾಕುತ್ತೇನೆ: ನೀವು ತಪ್ಪು ಮಾಡಿದಾಗ ಹಿಡಿಯುವವರು ಯಾರು? ಕೋರ್ಸ್, ಪುಸ್ತಕ, ಸಾಫ್ಟ್‌ವೇರ್ ಯಾವುದನ್ನು ಹೋಲಿಸಿದರೂ ನನ್ನ ತಕ್ಕಡಿ ಇದೇ. ಹೆಸರು, ಸರ್ಟಿಫಿಕೇಟು ಎಲ್ಲಾ ಆಮೇಲಿನ ಮಾತು.

ಓದುವುದಕ್ಕೋ, ಕಟ್ಟುವುದಕ್ಕೋ?

ಮೊದಲು ಇದು ಇತ್ಯರ್ಥವಾಗಲಿ. ಬೇರೆಯವರು ಮಾಡಿದ ಮಾಡೆಲ್ ಓದಿ ಸರಿಯಾದ ಪ್ರಶ್ನೆ ಕೇಳಲು ಬಂದರೆ ಸಾಕಾ? ಅಥವಾ ನೀವೇ ಕಟ್ಟಬೇಕಾ? ಆರೋಗ್ಯ ಇಲಾಖೆಯಲ್ಲಿ ಕೆಲಸ ಮಾಡುವವರಿಗೆ, ಡಾಕ್ಟರುಗಳಿಗೆ, ವರದಿಗಾರರಿಗೆ ಬಹಳ ಸಲ ಮೊದಲನೆಯದೇ ಸಾಕು.

ಒಂದು ಉದಾಹರಣೆ. 2014ರ ಸೆಪ್ಟೆಂಬರಿನಲ್ಲಿ ಅಮೆರಿಕದ ರೋಗ ನಿಯಂತ್ರಣ ಕೇಂದ್ರ ಎಬೋಲಾ ಬಗ್ಗೆ ಒಂದು ಅಂದಾಜು ಕೊಟ್ಟಿತು. 2015ರ ಜನವರಿ 20ರ ಹೊತ್ತಿಗೆ ಲೈಬೀರಿಯಾ ಮತ್ತು ಸಿಯೆರಾ ಲಿಯೋನ್‌ನಲ್ಲಿ, ವರದಿಯಾಗದ ಕೇಸುಗಳೂ ಸೇರಿ, 14 ಲಕ್ಷದವರೆಗೆ ಹೋಗಬಹುದು ಎಂದಿತು. ಕೊನೆಗೆ ಇಡೀ ಪಶ್ಚಿಮ ಆಫ್ರಿಕಾದಲ್ಲಿ ದಾಖಲಾದದ್ದು ಸುಮಾರು 28,600. ಮಾಡೆಲ್ ಸುಳ್ಳಾಯಿತು ಅಂತ ಜನ ಆಡಿಕೊಂಡರು. ಆದರೆ ಆ ಅಂದಾಜಿಗೆ ಒಂದು ಷರತ್ತಿತ್ತು: ಹೆಚ್ಚಿನ ಕ್ರಮ ಏನೂ ತೆಗೆದುಕೊಳ್ಳದೇ ಹೋದರೆ. ಆ ಷರತ್ತನ್ನು ಹುಡುಕಿ ಓದುವ ಕಣ್ಣು ಬರಲು ಕೋಡ್ ಬರೆಯಬೇಕಿಲ್ಲ. ಮಾಡೆಲ್ ಏನನ್ನು ಊಹಿಸಿಕೊಂಡಿದೆ ಎಂದು ಕೇಳುವ ಅಭ್ಯಾಸ ಇದ್ದರಾಯಿತು.

ಗಣಿತ ಎಷ್ಟು ಬೇಕು ಎಂಬ ಹೆದರಿಕೆ ಎಲ್ಲರಿಗೂ ಇದೆ. ಶುರುವಿಗೆ ಕಾಲೇಜಿನ ಮೊದಲ ವರ್ಷದ ಕ್ಯಾಲ್ಕುಲಸ್ ಸಾಕು. ಲಾಗರಿದಮ್ ಕಂಡು ಓಡಬಾರದು, ಅಷ್ಟೆ.

ಮೊದಲ ವಾರ ಸ್ಪ್ರೆಡ್‌ಶೀಟ್

ಇಲ್ಲಿ ನನ್ನದು ಹಠವೇ. ಆರ್ ಅಥವಾ ಪೈಥಾನ್ ಎಂಬ ಪ್ರೋಗ್ರಾಮಿಂಗ್ ಭಾಷೆ ಮೊದಲೇ ಗೊತ್ತಿದ್ದರೂ ಮೊದಲ ಮಾಡೆಲ್ ಎಕ್ಸೆಲ್‌ನಲ್ಲೋ ಅಂಥ ಇನ್ನೊಂದರಲ್ಲೋ ಮಾಡಿ. ಯಾಕೆ ಅಂತ ಹೇಳುವುದಕ್ಕಿಂತ ಮಾಡಿ ತೋರಿಸುವುದೇ ವಾಸಿ.

1978ರಲ್ಲಿ ಇಂಗ್ಲೆಂಡಿನ ಒಂದು ಬೋರ್ಡಿಂಗ್ ಶಾಲೆಯಲ್ಲಿ ಫ್ಲೂ ಹಬ್ಬಿತು. 763 ಹುಡುಗರು. ಯಾವ ದಿನ ಎಷ್ಟು ಜನ ಹಾಸಿಗೆ ಹಿಡಿದಿದ್ದರು ಎಂಬ ಲೆಕ್ಕ ಬ್ರಿಟಿಷ್ ಮೆಡಿಕಲ್ ಜರ್ನಲ್‌ನಲ್ಲಿ ಬಂತು. ಈಗ ಕಲಿಯುವವರೆಲ್ಲ ಬಳಸುವ ಅಂಕಿಗಳು ಹೀಗಿವೆ: 3, 8, 26, 76, 225, 298, 258, 233, 189, 128, 68, 29, 14, 4. ಹದಿನಾಲ್ಕೇ ದಿನದಲ್ಲಿ ಕಥೆ ಮುಗಿಯಿತು. ಪುಟ್ಟ ಡೇಟಾ, ಹೊರಗಿನವರ ಓಡಾಟ ಇಲ್ಲ. ಕಲಿಯಲು ಇದಕ್ಕಿಂತ ಒಳ್ಳೇದು ಸಿಗುವುದು ಕಷ್ಟ.

ಶೀಟಿನಲ್ಲಿ ಮೂರು ಕಾಲಮ್ ಹಾಕಿ: ಇನ್ನೂ ಸೋಂಕು ತಗುಲದವರು, ಸೋಂಕಿತರು, ಗುಣವಾದವರು. ಎಸ್‌ಐಆರ್ ಮಾಡೆಲ್ ಎಂದು ಎಲ್ಲರೂ ಹೇಳುವುದು ಇದನ್ನೇ, ಈ ಮೂರು ಗುಂಪುಗಳ ಇಂಗ್ಲಿಷ್ ಹೆಸರುಗಳ ಮೊದಲಕ್ಷರ ಅವು. ಮೊದಲ ಸಾಲು 760, 3, 0. ಆ ದಿನದ ಹೊಸ ಸೋಂಕು ಎಷ್ಟು? 1.66 × ಸೋಂಕಿತರು × ತಗುಲದವರು ÷ 763. ಗುಣವಾಗುವವರು 0.44 × ಸೋಂಕಿತರು. ಈ ಎರಡು ಅಂಕಿ ನನ್ನ ಸ್ವಂತದ್ದಲ್ಲ, ಈ ಡೇಟಾಕ್ಕೆ ಮಾಡೆಲನ್ನು ಹೊಂದಿಸಿದಾಗ ಸಾಮಾನ್ಯವಾಗಿ ಬರುವಂಥವು. 0.44 ಅಂದರೆ ಒಬ್ಬ ಹುಡುಗ ಸರಾಸರಿ ಎರಡೂಕಾಲು ದಿನ ಹರಡುತ್ತಾನೆ. 1.66ನ್ನು 0.44ರಿಂದ ಭಾಗಿಸಿದರೆ ಸುಮಾರು 3.8. ಅಂದರೆ ಶುರುವಿನಲ್ಲಿ ಒಬ್ಬನಿಂದ ಸುಮಾರು ನಾಲ್ವರಿಗೆ ತಗುಲುತ್ತದೆ. ಇದೇ ಆರ್-ನಾಟ್.

ಮರುದಿನದ ಸಾಲಿಗೆ ಹೊಸ ಸೋಂಕನ್ನು ಮೊದಲ ಕಾಲಮಿನಿಂದ ಕಳೆದು ಎರಡನೆಯದಕ್ಕೆ ಕೂಡಿಸಿ, ಗುಣವಾದವರನ್ನು ಎರಡನೆಯದರಿಂದ ಕಳೆದು ಮೂರನೆಯದಕ್ಕೆ ಕೂಡಿಸಿ. ಈಗ ಎಳೆದು ಕೆಳಕ್ಕೆ ತುಂಬಿ. ಸೋಂಕಿತರ ಕಾಲಮಿನಲ್ಲಿ ಎರಡನೇ ದಿನ 6.6 ಬರುತ್ತದೆ, ಮೂರನೇ ದಿನ 14.6, ನಾಲ್ಕನೇ ದಿನ 32. ಶಾಲೆಯ ಲೆಕ್ಕದಲ್ಲಿ ನಾಲ್ಕನೇ ದಿನ 76! ಇಲ್ಲಿ ಎಲ್ಲರೂ 1.66 ಎಂಬ ಅಂಕಿಯನ್ನೇ ಅನುಮಾನಿಸುತ್ತಾರೆ. ಅದನ್ನು ಏರಿಸಿ ಏರಿಸಿ ಹೊಂದಿಸಿಬಿಡುತ್ತಾರೆ. ತಪ್ಪು ಇರುವುದು ಅಲ್ಲಿ ಅಲ್ಲ, ಒಂದು ಸಾಲಿಗೆ ಒಂದು ದಿನ ಎಂಬ ಹೆಜ್ಜೆಯಲ್ಲಿ. ಬೆಳಿಗ್ಗೆ ಸೋಂಕು ತಗುಲಿದ ಹುಡುಗ ಸಂಜೆಯೊಳಗೆ ಇನ್ನೊಬ್ಬನಿಗೆ ಹಚ್ಚಬಲ್ಲ ಎಂದು ಸೂತ್ರ ಹೇಳುತ್ತದೆ. ನಮ್ಮ ಶೀಟು ಮಾತ್ರ ಅವನನ್ನು ಮಧ್ಯರಾತ್ರಿಯವರೆಗೆ ಸುಮ್ಮನೆ ಕೂರಿಸುತ್ತದೆ. ಚಕ್ರಬಡ್ಡಿಯನ್ನು ವರ್ಷಕ್ಕೊಮ್ಮೆ ಹಾಕುವುದಕ್ಕೂ ದಿನಾ ಹಾಕುವುದಕ್ಕೂ ಇರುವ ವ್ಯತ್ಯಾಸ ಇದೇ ಅಲ್ವಾ?

ದಿನವನ್ನು ಹತ್ತು ಪಾಲು ಮಾಡಿ. 1.66 ಇದ್ದಲ್ಲಿ 0.166, 0.44 ಇದ್ದಲ್ಲಿ 0.044. ಮೂವತ್ತು ಸಾಲು ಇಳಿದರೆ ನಾಲ್ಕನೇ ದಿನ ಸಿಗುತ್ತದೆ. ಈಗ 80ರ ಹತ್ತಿರ ಬರುತ್ತದೆ. ಹೆಜ್ಜೆಯನ್ನು ಇನ್ನೂ ಕಿರಿದು ಮಾಡುತ್ತಾ ಹೋದರೆ 90 ದಾಟಿ ನಿಲ್ಲುತ್ತದೆ. 76ಕ್ಕೆ ನಿಖರವಾಗಿ ಕೂರುವುದಿಲ್ಲ, ಕೂರಬೇಕಾಗಿಯೂ ಇಲ್ಲ. ಆ ಎರಡು ಅಂಕಿ ಇಡೀ ಹದಿನಾಲ್ಕು ದಿನಕ್ಕೆ ಹೊಂದಿಸಿದ್ದು, ಒಂದು ದಿನಕ್ಕಲ್ಲ. ಮೊದಲ ದಿನ ಮೂರೇ ಸೋಂಕಿತರು ಎಂಬುದೂ ನಮ್ಮ ಊಹೆಯೇ.

ಇನ್ನೊಂದು ವಿಷಯ ನನಗೆ ತುಂಬಾ ತಡವಾಗಿ ಹೊಳೆಯಿತು. ಲೆಕ್ಕದಲ್ಲಿರುವುದು ಹಾಸಿಗೆಯಲ್ಲಿ ಮಲಗಿದ್ದವರು. ಮಲಗಿದವನು ಕ್ಲಾಸಿಗೆ ಹೋಗುವುದಿಲ್ಲ, ಆಟಕ್ಕೆ ಹೋಗುವುದಿಲ್ಲ. ಅವನು ಯಾರಿಗೆ ಹರಡುತ್ತಾನೆ? ನಮ್ಮ ಎರಡನೇ ಕಾಲಮ್ ಮಾತ್ರ ಹರಡುತ್ತಿರುವವರದ್ದು. ಎರಡೂ ಒಂದೇ ಎಂದು ಮಾತಾಡದೇ ಒಪ್ಪಿಕೊಂಡುಬಿಟ್ಟಿದ್ದೇವೆ. ಇಂಥದ್ದು ಕಣ್ಣಿಗೆ ಬೀಳುವುದು ಒಂದೊಂದು ಸಾಲನ್ನೂ ಕೈಯಾರೆ ತುಂಬಿದಾಗ. ಆರ್‌ನಲ್ಲಿ ಡಿಸಾಲ್ವ್ ಎಂಬ ಪ್ಯಾಕೇಜಿಗೆ (ಸಿದ್ಧ ಕೋಡಿನ ಕಟ್ಟು) ಸಮೀಕರಣ ಕೊಟ್ಟರೆ ಹೆಜ್ಜೆಯ ತೊಂದರೆಯನ್ನು ಅದೇ ನೋಡಿಕೊಳ್ಳುತ್ತದೆ. ಅನುಕೂಲವೇ. ಆದರೆ ಏನು ನೋಡಿಕೊಂಡಿತು ಎಂದು ನಿಮಗೆ ಗೊತ್ತಾಗುವುದಿಲ್ಲ.

ಒಂದು ವಾರದ ಮೇಲೆ ಸ್ಪ್ರೆಡ್‌ಶೀಟ್ ಬಿಡಿ. ವಯಸ್ಸಿನ ಗುಂಪು, ಲಸಿಕೆ ಎಂದು ಸೇರಿಸಲು ಹೋದರೆ ಕಾಲಮ್‌ಗಳು ಕಾಡಾಗುತ್ತವೆ. ಆಗ ತಪ್ಪು ಕಾಣಿಸುವ ಬದಲು ಅಡಗಿ ಕೂರುತ್ತದೆ.

ಆರ್, ಪೈಥಾನ್ ಜಗಳ

ಇದಕ್ಕೆ ಜಾಸ್ತಿ ಹೊತ್ತು ಕೊಡಬೇಡಿ. ರೋಗದ ಡೇಟಾ ಕೈಯಲ್ಲಿಟ್ಟುಕೊಂಡು ಕೆಲಸ ಮಾಡುವವರಲ್ಲಿ ಆರ್ ಬಳಕೆ ಜಾಸ್ತಿ. ಸಿದ್ಧ ಪ್ಯಾಕೇಜುಗಳೂ ಬೇಕಾದಷ್ಟಿವೆ. ಔಟ್‌ಬ್ರೇಕ್ಸ್ ಎಂಬ ಪ್ಯಾಕೇಜಿನಲ್ಲಿ ಮೇಲಿನ ಶಾಲೆಯ ಅಂಕಿಗಳೇ ಇವೆ. ಎಪಿಎಸ್ಟಿಮ್ ಎಂಬುದು ದಿನದಿನದ ಕೇಸುಗಳಿಂದ ಒಬ್ಬರಿಂದ ಎಷ್ಟು ಜನಕ್ಕೆ ಹರಡುತ್ತಿದೆ ಎಂಬ ಸಂಖ್ಯೆ ತೆಗೆದುಕೊಡುತ್ತದೆ. ಪೈಥಾನ್ ಆಗಲೇ ಬರುವವರು ಸೈಪೈ ಎಂಬ ಅದರ ಗಣಿತದ ಪ್ಯಾಕೇಜ್ ಹಿಡಿದುಕೊಂಡು ಅದರಲ್ಲೇ ಮುಂದುವರಿಯಬಹುದು. ನಿಮ್ಮ ಪಕ್ಕದಲ್ಲಿ ಕೂರುವವರು ಯಾವುದನ್ನು ಓದಬಲ್ಲರೋ ಅದು ನಿಮ್ಮ ಭಾಷೆ. ನಿಮ್ಮ ಕೋಡಿನ ತಪ್ಪು ಹಿಡಿಯುವವರು ಅವರೇ ತಾನೇ.

ಎರಡು ವಾರದ ಕೋರ್ಸ್, ಆನ್‌ಲೈನ್, ಪುಸ್ತಕ

ಲಂಡನ್ನಿನ ಇಂಪೀರಿಯಲ್ ಕಾಲೇಜು, ಲಂಡನ್ ಸ್ಕೂಲ್ ಆಫ್ ಹೈಜೀನ್ ಅಂಡ್ ಟ್ರಾಪಿಕಲ್ ಮೆಡಿಸಿನ್ ಇಂಥ ಕಡೆ ಸೋಂಕು ರೋಗದ ಮಾಡೆಲಿಂಗ್ ಬಗ್ಗೆ ಕಿರು ಅವಧಿಯ ಕೋರ್ಸ್‌ಗಳು ಬಹಳ ವರ್ಷಗಳಿಂದ ನಡೆಯುತ್ತಿವೆ. ಬೆಳಿಗ್ಗೆ ಪಾಠ, ಮಧ್ಯಾಹ್ನ ಕಂಪ್ಯೂಟರ್ ಎಂಬ ಧಾಟಿ. ಇವುಗಳ ದೊಡ್ಡ ಬಲ ಪಾಠವಲ್ಲ. ನಿಮ್ಮ ಬೆನ್ನ ಹಿಂದೆ ನಿಂತು ಪರದೆ ನೋಡಿ, "ಈ ಅಂಕಿ ದಿನಕ್ಕಾ, ವಾರಕ್ಕಾ?" ಎಂದು ಕೇಳುವ ಒಬ್ಬರು ಅಲ್ಲಿ ಇರುತ್ತಾರೆ. ನನ್ನ 0.2ರ ತಪ್ಪು ಅಂಥ ಕಡೆ ಅರ್ಧ ಗಂಟೆಯೂ ಬಾಳುತ್ತಿರಲಿಲ್ಲ. ಪಕ್ಕದಲ್ಲಿ ಕೂರುವವರೂ ಬೇರೆಬೇರೆ ಕೆಲಸದವರು. ಪಶುವೈದ್ಯರ ಜೊತೆ ಗುಂಪಿನ ಕೆಲಸ ಮಾಡಿದರೆ, ಮನುಷ್ಯರಿಗೆ ಲಸಿಕೆ ಹಾಕುವ ಮಾಡೆಲಿಗೂ ದನಗಳ ಮಂದೆಯನ್ನೇ ತೆಗೆದುಹಾಕುವ ಮಾಡೆಲಿಗೂ ಗಣಿತ ಎಷ್ಟು ಹತ್ತಿರ ಎಂದು ಗೊತ್ತಾಗುತ್ತದೆ.

ಕೊರತೆಯೂ ಸಣ್ಣದಲ್ಲ. ದುಡ್ಡು ಬೇಕು, ರಜೆ ಬೇಕು. ಓಟವೂ ಜೋರು. ಸೋಮವಾರ ಎಸ್‌ಐಆರ್ ಅಂದರೆ ಗುರುವಾರದ ಹೊತ್ತಿಗೆ ವಯಸ್ಸಿನ ಗುಂಪುಗಳ ಮ್ಯಾಟ್ರಿಕ್ಸ್. ಏನೂ ಓದದೇ ಹೋದವರು ಎರಡನೇ ವಾರ ತಲೆಯಾಡಿಸುತ್ತಾ ಕೂತಿರುತ್ತಾರೆ. ಹಾಗಾಗಿ ಇದು ಮೊದಲ ಮೆಟ್ಟಿಲಲ್ಲ, ಎರಡನೆಯದು. ಅರ್ಜಿ ಹಾಕುವ ಮುಂಚೆ ಎರಡು ವಿಷಯ ಕೇಳಿ ತಿಳಿದುಕೊಳ್ಳಿ. ಕಂಪ್ಯೂಟರಿನ ಮುಂದೆ ಎಷ್ಟು ಗಂಟೆ? ಡೇಟಾಕ್ಕೆ ಮಾಡೆಲ್ ಹೊಂದಿಸುವುದನ್ನು ಕಲಿಸುತ್ತಾರಾ, ಇಲ್ಲಾ ಸೂತ್ರ ಬರೆಯುವುದಕ್ಕೇ ನಿಲ್ಲಿಸುತ್ತಾರಾ? ಎರಡನೆಯದಕ್ಕೆ ಉತ್ತರ ತೊದಲಿದರೆ ನಾನಾದರೆ ಹೋಗುವುದಿಲ್ಲ.

ಆನ್‌ಲೈನಿನಲ್ಲಿ ಇಂಪೀರಿಯಲ್ ಕಾಲೇಜಿನವರದ್ದೇ ಮೂರು ಕೋರ್ಸ್‌ಗಳ ಒಂದು ಸರಣಿ ಕೋರ್ಸೆರಾ ಎಂಬ ಕಲಿಕೆಯ ಜಾಲತಾಣದಲ್ಲಿ ಬಂದಿದೆ. ಎಲ್ಲಾ ಆರ್‌ನಲ್ಲಿ. ಮೊದಲು ಎಸ್‌ಐಆರ್ ಕಟ್ಟುವುದು, ಆಮೇಲೆ ನಿಯಂತ್ರಣ ಕ್ರಮಗಳು ಮತ್ತು ಡೇಟಾಕ್ಕೆ ಹೊಂದಿಸುವುದು, ಕೊನೆಗೆ ಮಾಡೆಲನ್ನು ಬೆಳೆಸುವುದು. ಈ ಕ್ರಮ ನನಗೆ ಇಷ್ಟ. ನಿಯಂತ್ರಣವನ್ನು ಕೊನೆಗೆ ತಳ್ಳದೆ ನಡುವೆಯೇ ತಂದಿದ್ದಾರೆ. ತೊಂದರೆ ಎಲ್ಲಾ ಆನ್‌ಲೈನ್ ಕೋರ್ಸ್‌ಗಳದ್ದೂ ಒಂದೇ. ಕೋಡ್ ಅರ್ಧ ಬರೆದಿರುತ್ತದೆ, ನೀವು ಖಾಲಿ ಜಾಗ ತುಂಬುತ್ತೀರಿ. ಹಸಿರು ಟಿಕ್ ಬೀಳುತ್ತದೆ. ಬಂತು ಅನ್ನಿಸುತ್ತದೆ. ಬಂದಿರುವುದಿಲ್ಲ. ಮಾರನೇ ದಿನ ಖಾಲಿ ಫೈಲ್ ತೆರೆದು ಅದೇ ಮಾಡೆಲನ್ನು ನೋಡದೇ ಬರೆಯಿರಿ. ಎಲ್ಲಿ ಕೈ ನಿಲ್ಲುತ್ತದೋ ಅಲ್ಲಿಯವರೆಗೆ ಮಾತ್ರ ನಿಮಗೆ ಬಂದಿದೆ.

ಪುಸ್ತಕದ ದಾರಿ ಅಗ್ಗ, ಒಂಟಿ. ವಿನ್ನಿಕಿ ಮತ್ತು ವೈಟ್ ಬರೆದ 2010ರ ಪುಸ್ತಕ ಮೆಲ್ಲಗೆ ಕೈ ಹಿಡಿದು ನಡೆಸುವಂಥದ್ದು, ವೈದ್ಯಕೀಯದ ಕಡೆಯಿಂದ ಬಂದವರಿಗೆ ಹೇಳಿ ಮಾಡಿಸಿದಂತಿದೆ. ಕೀಲಿಂಗ್ ಮತ್ತು ರೊಹಾನಿಯವರ 2008ರ ಪುಸ್ತಕ ಗಣಿತದವರಿಗೆ, ಕೋಡ್ ಬರೆಯುವವರಿಗೆ ರುಚಿಸುತ್ತದೆ. ಮನುಷ್ಯ, ಪ್ರಾಣಿ ಎರಡೂ ಅದರಲ್ಲಿವೆ. ಆಂಡರ್ಸನ್ ಮತ್ತು ಮೇ ಅವರ 1991ರ ದಪ್ಪ ಪುಸ್ತಕ ಈ ಕ್ಷೇತ್ರಕ್ಕೆ ಅಡಿಪಾಯ ಹಾಕಿದ್ದು, ಆದರೆ ಅದರಿಂದ ಶುರು ಮಾಡಿದರೆ ಅರ್ಧಕ್ಕೇ ಕೈಬಿಡುತ್ತೀರಿ. ಕಪಾಟಿನಲ್ಲಿರಲಿ, ಬೇಕಾದಾಗ ತೆಗೆದರಾಯಿತು. ಪುಸ್ತಕದಲ್ಲಿ ಓದುವವರ ತಪ್ಪು ಹಿಡಿಯುವವರು ಯಾರೂ ಇಲ್ಲ. ಅದಕ್ಕೊಂದೇ ಉಪಾಯ: ಅಚ್ಚಾಗಿರುವ ಗ್ರಾಫನ್ನು ನೀವೇ ಮತ್ತೆ ಬರೆದು ನೋಡಿ. ಹೊಂದದಿದ್ದರೆ ಹುಡುಕಿ. ಹತ್ತರಲ್ಲಿ ಒಂಬತ್ತು ಸಲ ನಿಮ್ಮದೇ ತಪ್ಪು.

ಪೂರ್ತಿ ಡಿಗ್ರಿ ಬೇಕಾಗುವುದು ಇದನ್ನೇ ವೃತ್ತಿ ಮಾಡಿಕೊಳ್ಳುವವರಿಗೆ. ಬೇರೆಯವರಿಗೆ ಅಗತ್ಯವಿಲ್ಲ.

ಯಾವ ಬಗೆಯ ಮಾಡೆಲ್ ಮೊದಲು?

ಎಸ್‌ಐಆರ್‌ನಂಥ ಡಬ್ಬಿಗಳ ಮಾಡೆಲ್ (ಒಂದೊಂದು ಕಾಲಮ್ ಒಂದೊಂದು ಡಬ್ಬಿ) ಕಲಿತ ಮೇಲೆ ದಾರಿ ಕವಲೊಡೆಯುತ್ತದೆ. ಒಂದು ಕಡೆ ಅದೃಷ್ಟವನ್ನೂ ಲೆಕ್ಕಕ್ಕೆ ಸೇರಿಸುವ ಮಾಡೆಲ್. ಇನ್ನೊಂದು ಕಡೆ ಒಬ್ಬೊಬ್ಬರನ್ನೂ ಬೇರೆಯಾಗಿ ಇಡುವ ದೊಡ್ಡ ಸಿಮ್ಯುಲೇಶನ್. ನಾನು ಬಿದ್ದದ್ದು ಈ ಎರಡನೆಯದರ ಹೊಂಡಕ್ಕೆ. ನೀವು ಮೊದಲನೆಯದಕ್ಕೆ ಹೋಗಿ, ಒಂದು ದಾಳ ಸಾಕು.

ಒಬ್ಬ ಸೋಂಕಿತನಿಂದ ಶುರು. ದಾಳ ಉರುಳಿಸಿ. 1ರಿಂದ 4 ಬಿದ್ದರೆ ಸೋಂಕಿತರ ಲೆಕ್ಕಕ್ಕೆ ಒಂದು ಕೂಡಿಸಿ. 5 ಅಥವಾ 6 ಬಿದ್ದರೆ ಒಂದು ಕಳೆಯಿರಿ. ಇದು ಆರ್-ನಾಟ್ 2 ಇರುವ ರೋಗ, ಯಾಕೆಂದರೆ ತಗುಲುವ ಸಾಧ್ಯತೆ ಗುಣವಾಗುವುದರ ಎರಡರಷ್ಟು. ಆಟ ಹತ್ತಿಪ್ಪತ್ತು ಸಲ ಆಡಿ. ಹೆಚ್ಚುಕಡಿಮೆ ಅರ್ಧ ಸಲ ಲೆಕ್ಕ ಸೊನ್ನೆಗೆ ಇಳಿದು ರೋಗ ತಾನಾಗಿಯೇ ಆರಿಹೋಗುತ್ತದೆ. ಎಸ್‌ಐಆರ್ ಸಮೀಕರಣ ಮಾತ್ರ ಆರ್-ನಾಟ್ ಒಂದಕ್ಕಿಂತ ಜಾಸ್ತಿ ಇದ್ದರೆ ಹಬ್ಬಿಯೇ ಹಬ್ಬುತ್ತದೆ ಎನ್ನುತ್ತದೆ. ಐವರು ಸೋಂಕಿತರು ಒಟ್ಟಿಗೆ ಬಂದರೆ? ಅರ್ಧದ ಅರ್ಧದ ಅರ್ಧ ಎಂದು ಐದು ಸಲ: ಆರಿಹೋಗುವ ಸಾಧ್ಯತೆ 32ರಲ್ಲಿ 1. ಕೇಸುಗಳು ಬೆರಳೆಣಿಕೆಯಷ್ಟು ಇರುವಾಗ ದಾಳದ ಮಾಡೆಲ್ ಬೇಕು, ಸಾವಿರಾರು ಆದ ಮೇಲೆ ಸಮೀಕರಣ ಸಾಕು. ರೋಗ ಹೊಸದಾಗಿ ಕಾಲಿಡುವ ಹೊತ್ತು, ನಿರ್ಮೂಲನೆಯ ಕೊನೆಯ ಹಂತ, ಇವೆರಡೂ ನಿಮ್ಮ ಪ್ರಶ್ನೆಯಾಗಿದ್ದರೆ ಕೋರ್ಸಿನಲ್ಲಿ ಈ ಭಾಗ ಇದೆಯಾ ನೋಡಿಕೊಳ್ಳಿ.

ನಿಯಂತ್ರಣದ ಪ್ರಶ್ನೆಗೂ ಇದೇ ಮಾತು. ಮಾಡೆಲಿನಲ್ಲಿ ಯಾವ ಡಬ್ಬಿ ಇಲ್ಲವೋ ಅದರ ಬಗ್ಗೆ ಕೇಳಲಾಗದು. 2003ರ ಸಾರ್ಸ್ ರೋಗಿಗಳು ಹೆಚ್ಚಾಗಿ ಹರಡುತ್ತಿದ್ದದ್ದು ಕಾಯಿಲೆ ಕಾಣಿಸಿಕೊಂಡ ಮೇಲೆ. ಹಾಗಾಗಿ ರೋಗಿಗಳನ್ನು ಬೇರೆ ಇಟ್ಟದ್ದು ಫಲ ಕೊಟ್ಟಿತು. ಲಕ್ಷಣ ಕಾಣುವ ಮುಂಚೆಯೇ ಹರಡುವ ರೋಗಕ್ಕೆ ಆ ಮದ್ದು ಅಷ್ಟು ನಾಟುವುದಿಲ್ಲ. ಬರೀ ಮೂರು ಡಬ್ಬಿಯ ಮಾಡೆಲಿಗೆ ಈ ವ್ಯತ್ಯಾಸವೇ ಗೊತ್ತಿಲ್ಲ.

ಲಸಿಕೆಯ ಸೂತ್ರ ಎಲ್ಲಾ ಕೋರ್ಸ್‌ಗಳಲ್ಲೂ ಮೊದಲ ದಿನವೇ ಬರುತ್ತದೆ: ಒಂದನ್ನು ಆರ್-ನಾಟ್‌ನಿಂದ ಭಾಗಿಸಿ, ಬಂದದ್ದನ್ನು ಒಂದರಿಂದ ಕಳೆದರೆ ಎಷ್ಟು ಪಾಲು ಜನಕ್ಕೆ ರಕ್ಷಣೆ ಬೇಕು ಎಂದು ಸಿಗುತ್ತದೆ. ದಡಾರಕ್ಕೆ ಸಾಮಾನ್ಯವಾಗಿ ಹೇಳುವ 12ರಿಂದ 18 ಹಾಕಿ ನೋಡಿ, ಶೇಕಡಾ 92ರಿಂದ 94 ಬರುತ್ತದೆ. ಎಲ್ಲರೂ ಎಲ್ಲರ ಜೊತೆ ಸಮನಾಗಿ ಬೆರೆಯುತ್ತಾರೆ ಎಂಬ ಊಹೆ ಅದರೊಳಗಿದೆ. ಲಸಿಕೆ ಹಾಕಿಸದವರು ಒಂದೇ ಕಡೆ ಗುಂಪಾಗಿದ್ದರೆ ಸರಾಸರಿ 95 ಇದ್ದರೂ ಆ ಗುಂಪಿನಲ್ಲಿ ದಡಾರ ಹಬ್ಬುತ್ತದೆ. ಈ ಮಾತನ್ನು ಸೂತ್ರದ ಜೊತೆಗೇ ಹೇಳುವ ಕೋರ್ಸ್ ಸಿಕ್ಕರೆ ಬಿಡಬೇಡಿ.

ಗ್ರಾಫ್ ಹೊಂದಿತು, ಹಾಗಾದರೆ ಸರೀನಾ?

ಎಸ್‌ಐಆರ್ ಮಾಡೆಲಿನ ಮೂಲ 1927ರಲ್ಲಿ ಕರ್ಮಾಕ್ ಮತ್ತು ಮೆಕೆಂಡ್ರಿಕ್ ಬರೆದ ಲೇಖನ. ಅದರಲ್ಲಿ ಅವರು ತಮ್ಮ ಸೂತ್ರವನ್ನು 1905–06ರ ಬಾಂಬೆ ಪ್ಲೇಗಿನ ಸಾವಿನ ಲೆಕ್ಕದ ಮೇಲೆ ಕೂರಿಸಿ ತೋರಿಸಿದರು. ಚುಕ್ಕೆಗಳ ಮೇಲೆ ಗೆರೆ ಅಚ್ಚುಕಟ್ಟಾಗಿ ಕೂತಿತ್ತು. ಆದರೆ ಆ ಪ್ಲೇಗು ಹರಡಿದ್ದು ಇಲಿಗಳ ಮೈಮೇಲಿನ ಚಿಗಟಗಳಿಂದ. ಗೆರೆ ಬರೆದ ಸೂತ್ರದಲ್ಲಿ ಇಲಿಯೂ ಇಲ್ಲ, ಚಿಗಟವೂ ಇಲ್ಲ, ವರ್ಷದ ಹವೆಯೂ ಇಲ್ಲ. ಏರಿ ಇಳಿಯುವ ಯಾವ ಗುಡ್ಡಕ್ಕಾದರೂ ಎರಡು ಮೂರು ಅಂಕಿ ತಿರುವಿ ಒಂದು ಗೆರೆ ಕೂರಿಸಬಹುದು.

ಕೋರ್ಸ್‌ಗಳನ್ನು ಹೋಲಿಸುವಾಗ ನಾನು ಪಾಠಪಟ್ಟಿಯಲ್ಲಿ ಹುಡುಕುವುದು ಇದನ್ನು. ಒಂದೇ ಡೇಟಾಕ್ಕೆ ಎರಡು ಬೇರೆ ಮಾಡೆಲ್ ಹೊಂದಿಸಿ ನೋಡುವ ಅಭ್ಯಾಸ ಇದೆಯಾ? ಒಂದೇ ಉತ್ತರದ ಬದಲು ಇಷ್ಟರಿಂದ ಇಷ್ಟರವರೆಗೆ ಎಂದು ಹೇಳಲು ಕಲಿಸುತ್ತಾರಾ? ಚೆಂದದ ಹೆಸರಿನ ಎಷ್ಟೋ ಕೋರ್ಸ್‌ಗಳು ಇಲ್ಲೇ ಎಡವುತ್ತವೆ.

ನಾಳೆಯೇ ಶುರು ಮಾಡುವುದಾದರೆ

ಡಾಕ್ಟರೋ ಆರೋಗ್ಯ ಕಾರ್ಯಕರ್ತರೋ ಆಗಿದ್ದರೆ ಸ್ಪ್ರೆಡ್‌ಶೀಟ್, ಆಮೇಲೆ ವಿನ್ನಿಕಿ–ವೈಟ್ ಪುಸ್ತಕದ ಮೊದಲ ಕೆಲವು ಅಧ್ಯಾಯ, ಅನುಕೂಲವಿದ್ದರೆ ಎರಡು ವಾರದ ಕೋರ್ಸ್. ಗಣಿತದವರೂ ಪ್ರೋಗ್ರಾಮರುಗಳೂ ಆಗಿದ್ದರೆ ಆನ್‌ಲೈನ್ ಸರಣಿಯನ್ನು ಬೇಗ ಮುಗಿಸುತ್ತೀರಿ. ನಿಮ್ಮ ಹೊಂಡ ಬೇರೆ ಕಡೆ ಇದೆ: ಕೇಸಿನ ಸಂಖ್ಯೆ ಆಸ್ಪತ್ರೆಯಿಂದ ಹೇಗೆ ಬರುತ್ತದೆ, ಭಾನುವಾರ ಯಾಕೆ ಕಡಿಮೆಯಾಗುತ್ತದೆ, ಟೆಸ್ಟ್ ಮಾಡಿಸದವರು ಎಲ್ಲಿ ಹೋದರು, ಇದ್ಯಾವುದೂ ಕೋಡಿನಲ್ಲಿ ಸಿಗುವುದಿಲ್ಲ. ಡೇಟಾ ಸಂಗ್ರಹಿಸುವ ಒಬ್ಬರ ಜೊತೆ ಒಂದು ದಿನ ಕೂತು ಬನ್ನಿ.

ಇಬ್ಬರಿಗೂ ಮೊದಲ ಮನೆಗೆಲಸ ಒಂದೇ. ಶಾಲೆಯ ಆ ಹದಿನಾಲ್ಕು ಅಂಕಿ ಟೈಪ್ ಮಾಡಿ, ಮೂರು ಕಾಲಮ್ ತುಂಬಿ. ಆಮೇಲೆ ಹಾಸಿಗೆ ಹಿಡಿದವರಿಗೆ ಅಂತಲೇ ನಾಲ್ಕನೇ ಕಾಲಮ್ ಸೇರಿಸಿ, ಅವರು ಯಾರಿಗೂ ಹರಡುವುದಿಲ್ಲ ಎಂದಿಟ್ಟುಕೊಂಡು 298ರ ತುದಿಯನ್ನು ಹಿಡಿಯಲು ನೋಡಿ. 1.66 ಮತ್ತು 0.44 ಎರಡೂ ಬದಲಾಗಬೇಕಾಗುತ್ತದೆ. ಯಾಕೆ ಬದಲಾದವು ಎಂದು ಪಕ್ಕದವರಿಗೆ ಪೇಪರ್ ನೋಡದೇ ಹೇಳಲು ಬಂದ ದಿನ ಕೋರ್ಸಿನ ಅರ್ಜಿ ತುಂಬಿ.